ಊಟದ ದೃಶ್ಯದ ಒದ್ದೆ ಕೂದಲು

ಇಂಗ್ಲೆಂಡಿನ ಸ್ಯಾಲ್ಫರ್ಡಿನ ಎಡಿಟಿಂಗ್ ರೂಮಿನಲ್ಲಿ ಕೂತು ಹಿಂದಿನ ದಿನದ ಶೂಟಿಂಗ್ ನೋಡುತ್ತಿದ್ದವಳು ಒಂದು ಶಾಟ್ ಬಂದಾಗ ಥಟ್ಟನೆ ನಿಲ್ಲಿಸಿದೆ. ತಾಯಿಯ ಪಾತ್ರ ಮಾಡುತ್ತಿದ್ದವರು ಅನ್ನದ ಪಾತ್ರೆ ಹಿಡಿದು ಊಟದ ಮೇಜಿನ ಹತ್ತಿರ ಬರುತ್ತಾರೆ. ಕಿಟಕಿಯಾಚೆ ಸಂಜೆಗತ್ತಲು. ಅವರ ಕೂದಲು ಪೂರ್ತಿ ಒದ್ದೆ. ಎಣ್ಣೆಯಿಲ್ಲ, ಜಡೆಯಿಲ್ಲ, ತುದಿಗೆ ಒಂದು ಗಂಟು ಮಾತ್ರ. ಸೀರೆಯ ಭುಜದ ಮೇಲೆ ನೀರಿಳಿದ ಗುರುತು. ಯಾರೋ ಹೋದ ಸುದ್ದಿ ಬಂದಿದೆ ಎಂದುಕೊಂಡೆ. ಆಮೇಲೆ ಎಚ್ಚರವಾಯಿತು: ಇದು ಕಥೆ, ಮತ್ತು ಈ ಕಥೆಯ ಪ್ರಕಾರ ಆ ಸುದ್ದಿ ಗೊತ್ತಿಲ್ಲದವಳು ಇಡೀ ಮನೆಯಲ್ಲಿ ಅವಳೊಬ್ಬಳೇ.

ಕಥೆ ನಮ್ಮದಲ್ಲ, ಹಾಲಿವುಡ್‌ನ ಒಂದು ಹಳೆಯ ಕಪ್ಪು ಬಿಳುಪು ಚಿತ್ರದ್ದು. ರಿಮೇಕ್ ಎಂದರೆ ಮೂಗು ಮುರಿಯುವುದು ಗಾಂಧಿನಗರದ ಸಿನಿಮಾ ನೋಡಿ ಬೆಳೆದ ನಮಗೆ ರೂಢಿ. ಇಲ್ಲಿನ ಟೀವಿಯವರು ಅದನ್ನೇ ಮಾಡಿದರೆ ಗೌರವ ಸಲ್ಲಿಕೆ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಮೂಲ ಚಿತ್ರದಲ್ಲಿ ಒಂದು ಬಂದರಿನ ಊರು, ಹೃದಯದ ಕಾಯಿಲೆಯ ತಾಯಿ, ಸಮುದ್ರದಲ್ಲಿ ಸತ್ತ ಹಿರಿಯ ಮಗ. ತಾಯಿಗೆ ತಡೆಯಲಾರದ ಆಘಾತವಾದೀತೆಂದು ಮನೆಯವರೆಲ್ಲ ಸಾವನ್ನು ಮುಚ್ಚಿಡುತ್ತಾರೆ. ಕೊನೆಯಲ್ಲಿ ತಾಯಿ ಮೆಟ್ಟಿಲ ಮೇಲೆ ನಿಂತು, ನನಗೆ ಮೊದಲ ದಿನವೇ ಗೊತ್ತಿತ್ತು ಎಂದು ನಕ್ಕು ಎಲ್ಲರನ್ನೂ ಕ್ಷಮಿಸುತ್ತಾಳೆ. ಪಿಟೀಲುಗಳು ಏರುತ್ತವೆ, ಪ್ರೇಕ್ಷಕರು ಕಣ್ಣೊರೆಸಿಕೊಳ್ಳುತ್ತಾರೆ. ನಮ್ಮ ಮೂರು ಕಂತಿನ ರಿಮೇಕ್‌ನಲ್ಲಿ ಆ ಮನೆ ಲೀಡ್ಸ್‌ಗೆ ಬಂದಿತ್ತು. ಅಪ್ಪ ಕರ್ನಾಟಕದಿಂದ ಬಂದ ಡಾಕ್ಟರ್, ಮಗ ಉತ್ತರ ಸಮುದ್ರದಲ್ಲಿ ಗಾಳಿಯಂತ್ರ ಸ್ಥಾಪಿಸುವ ಎಂಜಿನಿಯರ್. ಅವನು ಸತ್ತ ಮೇಲೆ ತಂಗಿ ಅವನ ಫೋನಿನಿಂದಲೇ ಅಮ್ಮನಿಗೆ ಮೆಸೇಜು ಕಳಿಸುತ್ತಿರುತ್ತಾಳೆ. ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡುತ್ತಾರೆ, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಡೀ ತಂಡದಲ್ಲಿ ಕ್ಯಾಮೆರಾದ ಈಚೆ ಕನ್ನಡ ಬಲ್ಲವಳು ಎಡಿಟರ್ ಆದ ನಾನೊಬ್ಬಳೇ.

ತಾಯಿಯ ಪಾತ್ರ ಮಾಡಿದವರನ್ನು ಇಲ್ಲಿ ಡಾಕ್ಟರಮ್ಮ ಎನ್ನುತ್ತೇನೆ. ಶೆಫೀಲ್ಡಿನಲ್ಲಿ ಅರಿವಳಿಕೆ ತಜ್ಞೆಯಾಗಿದ್ದು ನಿವೃತ್ತರಾದವರು, ಮೂಲ ಮೈಸೂರು. ಕನ್ನಡ ಸಂಘದ ನಾಟಕಗಳಲ್ಲಿ ಯುಗಾದಿಗೊಂದು ದೀಪಾವಳಿಗೊಂದು ಪಾತ್ರ ಮಾಡಿದ್ದು ಬಿಟ್ಟರೆ ಕ್ಯಾಮೆರಾ ಕಂಡವರಲ್ಲ. ಆಡಿಷನ್‌ನಲ್ಲಿ ಅವರು ಸುಮ್ಮನೆ ಕೂತಿದ್ದನ್ನು ನೋಡಿಯೇ ನಿರ್ದೇಶಕ ಆರಿಸಿಕೊಂಡನಂತೆ.

ಊಟದ ದೃಶ್ಯದ ಜೊತೆ ಕಂಟಿನ್ಯುಟಿ ನೋಡಿಕೊಳ್ಳುವಾಕೆಯ ವರದಿಯೂ ಬಂದಿತ್ತು. ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬಟ್ಟೆ, ಕೂದಲು, ಲೋಟದಲ್ಲಿನ ನೀರಿನ ಮಟ್ಟ ಒಂದೇ ಇರುವಂತೆ ನೋಡುವುದು ಆಕೆಯ ಕೆಲಸ, ಅದರಲ್ಲಿ ಆಕೆ ಬಹಳ ಗಟ್ಟಿ. ಕೂದಲು ತಪ್ಪು ಎಂದು ಬರೆದಿದ್ದಳು. ಬರೆಯಲೇಬೇಕಿತ್ತು. ಕಥೆಯಲ್ಲಿ ಇದಕ್ಕೆ ಮುಂಚೆ ತಾಯಿ ಕಾಣಿಸುವ ದೃಶ್ಯ ಅಡುಗೆಮನೆಯದು, ಅದನ್ನು ಮುಂಚೆಯೇ ಚಿತ್ರೀಕರಿಸಿ ಆಗಿತ್ತು, ಅದರಲ್ಲಿ ಡಾಕ್ಟರಮ್ಮನ ತಲೆ ಒಣಗಿತ್ತು, ಜಡೆಯಿತ್ತು. ನಾನು ಫೋನ್ ಮಾಡಿ ಕೇಳಿದೆ. ಟೇಕ್‌ಗೆ ಕರೆದಾಗ ಡಾಕ್ಟರಮ್ಮ ಮಹಡಿಯ ಬಚ್ಚಲಿನಿಂದ ಹಾಗೇ ಇಳಿದು ಬಂದರಂತೆ. ಏನಾಯಿತೆಂದು ಕೇಳಿದರೆ, ಹೀಗೇ ಇರಲಿ ಎಂದರಂತೆ. ಶೂಟಿಂಗಿಗೆ ಹಿಡಿದ ಬಾಡಿಗೆ ಮನೆಯನ್ನು ಆ ಸಂಜೆಯೇ ಬಿಟ್ಟುಕೊಡಬೇಕಿತ್ತು, ತಲೆ ಒಣಗಿಸುತ್ತ ಕೂರುವ ಹೊತ್ತಿರಲಿಲ್ಲ. ಮುಖ ಚೆನ್ನಾಗಿದೆ, ಉಳಿದದ್ದು ಎಡಿಟಿಂಗ್‌ನಲ್ಲಿ ನೋಡಿಕೊಳ್ಳೋಣ ಎಂದು ನಿರ್ದೇಶಕ ಶುರು ಮಾಡಿಸಿದನಂತೆ. ಎಡಿಟಿಂಗ್‌ನಲ್ಲಿ ನೋಡಿಕೊಳ್ಳೋಣ ಎಂಬ ಮಾತಿಗೆ ನನ್ನ ತಲೆಯ ಮೇಲೆ ಹಾಕೋಣ ಎಂದು ಅರ್ಥ.

ನಿರ್ದೇಶಕ ಲೀಡ್ಸಿನವನು, ಒಳ್ಳೆಯವನು, ಆದರೆ ಎರಡು ನಿಮಿಷಕ್ಕೆ ಮೇಲೆ ಒಂದು ಕಡೆ ಕೂರಲಾರ. ಅವನನ್ನು ಕೂರಿಸಿ ಹೇಳಿದೆ. ನಮ್ಮಲ್ಲಿ ಹತ್ತಿರದವರು ತೀರಿಕೊಂಡ ಸುದ್ದಿ ಕಿವಿಗೆ ಬಿದ್ದರೆ ತಲೆಗೆ ತಣ್ಣೀರು ಹಾಕಿಕೊಳ್ಳುತ್ತಾರೆ, ಹೊತ್ತು ಗೊತ್ತು ನೋಡುವುದಿಲ್ಲ. ಮಿಕ್ಕಂತೆ ದೀಪ ಹಚ್ಚುವ ಹೊತ್ತಿನಲ್ಲಿ ಹೆಂಗಸರು ತಲೆಗೆ ನೀರು ಹಾಕಿಕೊಳ್ಳುವುದಿಲ್ಲ. ಹಾಗಾಗಿ ಸಂಜೆ ಹೊತ್ತು ಒದ್ದೆ ತಲೆಯಲ್ಲಿ ಬಂದ ತಾಯಿಗೆ ಎಲ್ಲ ಗೊತ್ತಾಗಿದೆ. ಗಂಡ, ಮಗಳು ಪಿಸುಗುಟ್ಟಿದ್ದು ಕೇಳಿಸಿಕೊಂಡು, ಸ್ನಾನ ಮಾಡಿ, ಅವರಿಗೇ ಬಡಿಸಲು ಬಂದಿದ್ದಾಳೆ. ಅವನು ಎದ್ದು ನಿಂತ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ನನಗೆ ಅವನ ಮೇಲೆ ಪ್ರೀತಿ ಬಂತು. ಕಿಟಕಿಯ ತನಕ ಹೋಗಿ, ಕಾಲುವೆಯ ಮೇಲಿನ ಬಾತುಗಳನ್ನು ನೋಡಿ ತಿರುಗಿದಾಗ ಮುಖ ಬದಲಾಗಿತ್ತು.

ಅವನ ತಕರಾರು ಸರಿಯಾಗಿಯೇ ಇತ್ತು, ಅದೇ ಕಷ್ಟ. ತಾಯಿಗೆ ಗೊತ್ತು ಎಂಬುದು ಮೂರನೇ ಕಂತಿನ ಕೊನೆಯ ತನಕ ಗುಟ್ಟಾಗಿರಬೇಕು. ಈ ಕೂದಲಿನ ಅರ್ಥ ತಿಳಿದವರಿಗೆ ಗುಟ್ಟು ಎರಡನೇ ಕಂತಿನಲ್ಲೇ ರಟ್ಟಾಗುತ್ತದೆ. ತಿಳಿಯದವರಿಗೆ ಇದು ಬರೀ ತಪ್ಪಾಗಿ ಕಾಣುತ್ತದೆ. ಎರಡೂ ಕಡೆಯಿಂದ ಪೆಟ್ಟು. ಮೂಲ ಚಿತ್ರದ ಹಕ್ಕು ಇಟ್ಟುಕೊಂಡಿದ್ದ ಅಮೆರಿಕದ ಕಂಪನಿಯ ಷರತ್ತೂ ಒಂದೇ ಒಂದು: ಮೆಟ್ಟಿಲ ದೃಶ್ಯಕ್ಕೆ ಮುಂಚೆ ತಾಯಿಗೆ ಗೊತ್ತಿದೆ ಎಂಬ ಸುಳಿವು ಎಲ್ಲೂ ಸಿಗಬಾರದು.

ಮ್ಯಾಂಚೆಸ್ಟರಿನಲ್ಲಿ ಒಂದಷ್ಟು ಜನರನ್ನು ಕರೆದು ಒರಟು ಪ್ರತಿ ತೋರಿಸಿದೆವು. ಕನ್ನಡದವರು ಯಾರೂ ಇರಲಿಲ್ಲ. ಚರ್ಚೆಯಲ್ಲಿ ಒಬ್ಬಾಕೆ, ಊಟಕ್ಕೆ ಮುಂಚೆ ಅಮ್ಮ ಮಳೆಯಲ್ಲಿ ಹೊರಗೆ ಹೋಗಿದ್ದಳೇ ಎಂದು ಕೇಳಿದಳು. ಮತ್ತಿಬ್ಬರು ತಲೆಯಾಡಿಸಿದರು. ಕೂದಲು ಸರಿಮಾಡಿ ಎಂದು ಚಾನೆಲ್ಲಿನಿಂದ ಸೂಚನೆ ಬಂತು.

ಸರಿಮಾಡಲು ದಾರಿಗಳು ಬಹಳ ಇರಲಿಲ್ಲ. ಡಾಕ್ಟರಮ್ಮನನ್ನು ಬಿಟ್ಟು ಉಳಿದವರ ಮುಖಗಳ ಮೇಲೆ ದೃಶ್ಯ ಕತ್ತರಿಸಿ ನೋಡಿದೆ, ಬಡಿಸುವವಳಿಲ್ಲದ ಊಟದಂತಾಯಿತು. ಮತ್ತೆ ಚಿತ್ರೀಕರಿಸಲು ಮನೆಯಿರಲಿಲ್ಲ, ಮಗಳ ಪಾತ್ರದವಳು ಬೇರೆ ಕೆಲಸಕ್ಕೆ ಹೋಗಿದ್ದಳು. ಕೊನೆಗೆ ನಿರ್ಮಾಪಕಿ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ವಿಡಿಯೋ ಗೇಮ್‌ಗಳಿಗೆ ಕೂದಲು ಮಾಡುವುದರಲ್ಲಿ ಪಳಗಿದವರನ್ನು ಹುಡುಕಿದಳು. ಕಂಪ್ಯೂಟರಿನಲ್ಲಿ ಫ್ರೇಮು ಫ್ರೇಮಾಗಿ ಕೂದಲು ಒಣಗಿಸಿ ಕೊಡುತ್ತೇವೆ ಎಂದರು. ಮಾದರಿಗೆ ಒಂದು ಶಾಟ್ ಮಾಡಿ ಕಳಿಸಿದರು. ಕೆಲಸದಲ್ಲಿ ಒಂದೂ ಕೊಂಕು ತೆಗೆಯುವಂತಿರಲಿಲ್ಲ. ಜಡೆ ಹೆಣೆದಿದ್ದರು, ಭುಜದ ಮೇಲಿನ ನೀರಿನ ಗುರುತು ಅಳಿಸಿದ್ದರು, ಹಣೆಯ ಪಕ್ಕ ಒಂದೆರಡು ಕೂದಲು ಹಾರುತ್ತಿದ್ದವು. ಆದರೆ ಕೆಳಗಿನ ಮುಖ ಅದೇ ಉಳಿದಿತ್ತು. ಒಣಗಿದ ಜಡೆಯ ಕೆಳಗೆ ಆ ಮುಖ ಸುಮ್ಮನೆ ಮಂಕಾಗಿ, ನಟನೆ ಬಾರದವರ ಮುಖವಾಗಿ ಕಂಡಿತು. ಪಕ್ಕದಲ್ಲಿದ್ದ ನಿರ್ಮಾಪಕಿ, ಈ ದೃಶ್ಯದಲ್ಲಿ ಆಕೆ ಸ್ವಲ್ಪ ಪೇಲವ ಅಲ್ಲವೇ ಎಂದಳು.

ವಿಷಯವನ್ನು ಡಾಕ್ಟರಮ್ಮನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾಷೆ ಒಂದೇ ಅಲ್ಲವೇ ಎಂಬ ಕಾರಣಕ್ಕೆ. ಇಂಥ ಕಾರಣಕ್ಕೆ ಅಹಿತಕರ ಕೆಲಸಗಳು ಮಾತ್ರ ಬರುತ್ತವೆ. ಶೆಫೀಲ್ಡಿಗೆ ಹೋಗಿ ಟ್ರಾಮ್ ಹತ್ತಿ ಅವರ ಮನೆ ತಲುಪಿದೆ. ಅವರ ಯಜಮಾನರು, ಜಿಪಿ ಅಂದರೆ ಬಡಾವಣೆಯ ವೈದ್ಯರಾಗಿದ್ದು ಅವರೂ ನಿವೃತ್ತರು, ಬಾಗಿಲು ತೆಗೆದರು. ಯಾವ ಊರು, ಯಾರ ಕಡೆಯವರು ಎಂದೆಲ್ಲ ವಿಚಾರಿಸಿ, ಕಾಫಿ ತಂದಿಟ್ಟು, ತೋಟದಲ್ಲಿ ಕೆಲಸವಿದೆ ಎಂದು ಹೋದರು. ನಾನು ಹೇಳಬೇಕಾದದ್ದನ್ನು ಹೇಳಿದೆ. ಡಾಕ್ಟರಮ್ಮ ಎದುರಾಡಲಿಲ್ಲ.

“ಮೊದಲೇ ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲಾ ಆಂಟಿ,” ಎಂದೆ.

“ಹೇಳಿದ್ರೆ ಡಿಸ್ಕಸ್ ಮಾಡ್ತಿದ್ರಿ. ಮೀಟಿಂಗ್ ಮಾಡಿ ಬೇಡ ಅಂತಿದ್ರಿ. ನಾನು ಪ್ಲಾನ್ ಮಾಡ್ಕೊಂಡೂ ಹೋಗಿರ್ಲಿಲ್ಲಮ್ಮ. ಮೇಲೆ ಕರೆಯೋದಕ್ಕೆ ಕಾಯ್ತಾ ಕೂತಿದ್ದೆ, ಕೆಳಗೆ ಅವರೆಲ್ಲ ಆ ಪಿಸುಪಿಸು ಸೀನ್ ರಿಹರ್ಸಲ್ ಮಾಡ್ತಿದ್ರು. ಕೇಳಿಸ್ತು. ಎದ್ದೆ, ನಲ್ಲಿ ಕೆಳಗೆ ತಲೆ ಕೊಟ್ಟೆ.”

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಅವರು ಈ ದೇಶಕ್ಕೆ ಬಂದ ಮೊದಲ ಚಳಿಗಾಲ. ಗಂಡ ಹೆಂಡತಿ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರು, ವಾಸ ಆಸ್ಪತ್ರೆಯ ಕ್ವಾರ್ಟರ್ಸ್‌ನಲ್ಲಿ, ಎಲ್ಲರಿಗೂ ಸೇರಿ ಕಾರಿಡಾರಿನಲ್ಲಿ ಒಂದು ಫೋನು. ಒಂದು ಸಂಜೆ ಮೈಸೂರಿನಿಂದ ಅಣ್ಣ ಫೋನ್ ಮಾಡಿ ಅಮ್ಮ ಹೋಗಿಬಿಟ್ಟಳು ಎಂದ. ಪಾಳಿಯ ಪ್ರಕಾರ ಅವರು ಆಗ ಡ್ಯೂಟಿಗೆ ಹೊರಡಬೇಕಿತ್ತು. ಯಾರಿಗೆ ಹೇಳುವುದು, ಹೇಳಿ ಏನು ಕೇಳುವುದು ಗೊತ್ತಾಗಲಿಲ್ಲ. ಊರಿಗೆ ಹೊರಟರೂ ಮುಖ ನೋಡಲು ಸಿಗುವುದಿಲ್ಲ. ಎಲ್ಲರೂ ಬಳಸುವ ಬಚ್ಚಲಿಗೆ ಹೋಗಿ ತಲೆಗೆ ತಣ್ಣೀರು ಸುರಿದುಕೊಂಡು, ಕೂದಲನ್ನು ಗಂಟು ಹಾಕಿ, ಆಪರೇಷನ್ ಥಿಯೇಟರಿಗೆ ಹೋಗಿ ಟೋಪಿಯೊಳಗೆ ತುರುಕಿಕೊಂಡು ಯಾರಿಗೋ ಅರಿವಳಿಕೆ ಕೊಟ್ಟರು. ಹೋಗುವಾಗ ಕಾರಿಡಾರಿನಲ್ಲಿ ಗಂಡ ಎದುರಾದರು, ವಾರ್ಡಿನಿಂದ ಬರುತ್ತಿದ್ದರು. ಇವರ ತಲೆ ನೋಡಿ, ಬಿಸಿನೀರು ಬರುತ್ತಿತ್ತಾ ಎಂದು ಕೇಳಿದರು. ಇಲ್ಲ ಎಂದರು ಇವರು. ಸರಿ ಎಂದು ಅವರು ರೂಮಿಗೆ ಹೋದರು. ಸುದ್ದಿಯನ್ನು ಇವರು ಹೇಳಿದ್ದು ಮಾರನೆಯ ಬೆಳಿಗ್ಗೆ.

“ನಮ್ಮ ಮನೆಗಳಲ್ಲೇ ಹುಟ್ಟಿ ಬೆಳೆದವರು,” ಎಂದರು ಡಾಕ್ಟರಮ್ಮ, ತೋಟದ ಕಡೆ ನೋಡುತ್ತ. “ಸಂಜೆ ಹೊತ್ತು ಹೆಂಡತಿ ತಲೆ ಹಾಗೆ ತೊಟ್ಟಿಕ್ತಾ ಇದ್ರೆ ತಿಳೀಬಾರ್ದಾ? ಆ ಊರಲ್ಲಿ ಅದನ್ನ ನೋಡಿ ತಿಳ್ಕೊಳೋಕೆ ಇದ್ದದ್ದು ಅವರೊಬ್ಬರೇ.”

ಅವರು ಕಣ್ಣೀರು ಹಾಕಲಿಲ್ಲ. ಇದನ್ನು ನಿಮ್ಮವರಿಗೆಲ್ಲ ಬಿಡಿಸಿ ಹೇಳುತ್ತ ಹೋಗಬೇಡ, ನಾನು ಸಿಂಪಥಿಗೆ ಮಾಡಿದ್ದಲ್ಲ, ಯಾರಾದರೂ ಒಬ್ಬರು ನೋಡಿದರೆ ಸಾಕು ಎಂದರು. ವಾಪಸಿನ ರೈಲಿನಲ್ಲಿ ನನಗೆ ಎರಡು ಚಿಂತೆ. ಆ ಕೂದಲು ಉಳಿಯಬೇಕು. ಉಳಿಸಲು ಅವರ ಕಥೆಯನ್ನು ಬಳಸಿಕೊಳ್ಳುವಂತಿಲ್ಲ.

ದಾರಿ ಹೊಳೆದದ್ದು ಮಾರನೆಯ ದಿನ, ಅದೂ ಬೇರೆ ಯಾವುದೋ ಕೆಲಸ ಮಾಡುವಾಗ. ಊಟದ ದೃಶ್ಯಕ್ಕೆ ಸರಿಯಾಗಿ ಮುಂಚೆ ಅಪ್ಪ ಮಗಳು ಹಾಲ್‌ನಲ್ಲಿ ಪಿಸುಗುಟ್ಟುವ ದೃಶ್ಯವಿದೆ. ಅದಕ್ಕೂ ಹಿಂದೆ ಅಡುಗೆಮನೆಯದು, ಜಡೆಯಿರುವುದು. ಪಿಸುಮಾತಿನ ದೃಶ್ಯದಲ್ಲಿ ತಾಯಿ ಇಲ್ಲ, ಮಹಡಿಯಲ್ಲಿದ್ದಾಳೆ ಎಂಬ ಲೆಕ್ಕ. ಆ ದೃಶ್ಯದ ಕೊನೆಗೆ ಮೇಲಿನಿಂದ ನೀರಿನ ಸದ್ದು ಕೇಳಿಸಿದರೆ? ತಾಯಿ ಸ್ನಾನ ಮಾಡಿ ಇಳಿದು ಬಂದಳು, ಅಷ್ಟೇ. ಕಂಟಿನ್ಯುಟಿ ತಪ್ಪು ಮಾಯ. ಗೊತ್ತಿಲ್ಲದವರಿಗೆ ಅದು ಸ್ನಾನ. ಗೊತ್ತಿದ್ದವರು ಅಲ್ಲಿಂದ ಮುಂದೆ ಇಡೀ ಕಥೆಯನ್ನು ಆ ತಾಯಿಯ ಜೊತೆ ಕೂತು ನೋಡುತ್ತಾರೆ, ಮನೆಯವರು ಒಂದೊಂದು ಸುಳ್ಳು ಹೇಳಿದಾಗಲೂ ಅವಳ ಮುಖ ನೋಡುತ್ತಾರೆ.

ಸದ್ದಿನ ಭಂಡಾರದಿಂದ ಶವರ್ ಸದ್ದು ತೆಗೆದು ಹಾಕಿದೆ. ಹೋಟೆಲಿನ ಜಾಹೀರಾತಿನಂತಾಯಿತು. ನನ್ನ ಫ್ಲ್ಯಾಟಿನ ಬಚ್ಚಲಲ್ಲಿ ಬಕೆಟ್ಟು ಇಟ್ಟು, ಮಗ್ಗಿನಿಂದ ನೀರು ಸುರಿದು ರೆಕಾರ್ಡ್ ಮಾಡಿ ತಂದೆ. ನಿರ್ದೇಶಕ ಕೇಳಿ, ಒಪ್ಪಬಹುದು ಎಂದ. ನನಗೆ ಸಮಾಧಾನವಾಗಲಿಲ್ಲ. ಕೆಲವು ಮಾತುಗಳನ್ನು ಮತ್ತೆ ಡಬ್ ಮಾಡಲು ಡಾಕ್ಟರಮ್ಮ ಸ್ಯಾಲ್ಫರ್ಡಿಗೆ ಬಂದ ದಿನ ಅವರಿಗೆ ಕೇಳಿಸಿದೆ.

“ಇದು ಭಾನುವಾರದ ಸ್ನಾನ ಕಣಮ್ಮ,” ಎಂದರು. “ಆರಾಮಾಗಿ ಮೈ ಉಜ್ಜಿಕೊಂಡು ಮಾಡೋದು.”

ಹೆಜ್ಜೆ ಸದ್ದು, ಪಾತ್ರೆ ಸದ್ದು ಇತ್ಯಾದಿಗಳನ್ನು ಕೃತಕವಾಗಿ ಮಾಡಿ ದಾಖಲಿಸುವ ಒಂದು ಕೋಣೆ ಅಲ್ಲಿತ್ತು. ದೊಡ್ಡ ತೊಟ್ಟಿಯೊಂದನ್ನು ಇಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಟವೆಲ್ ಮಡಿಸಿ ಹಾಕಿದರು. ತಲೆಯ ಮೇಲೆ ನೀರು ಬಿದ್ದ ಸದ್ದು ಬರಲೆಂದು. ಡಾಕ್ಟರಮ್ಮ ಸೆರಗು ಸಿಕ್ಕಿಸಿಕೊಂಡು ಮಗ್ಗು ಹಿಡಿದರು. ಉಸಿರಾಡಲೂ ಬಿಡುವಿಲ್ಲದಂತೆ ಒಂದರ ಹಿಂದೆ ಒಂದು ಸುರಿದರು. ನಿಲ್ಲಿಸಿದರು. ಮಗ್ಗನ್ನು ಸದ್ದಾಗದಂತೆ ಕೆಳಗಿಟ್ಟರು. ಟವೆಲಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಕನ್ನಡ ತಿಳಿಯದ, ಕಥೆಯೂ ತಿಳಿಯದ ರೆಕಾರ್ಡಿಸ್ಟ್ ಎಷ್ಟೋ ಹೊತ್ತು ಕಟ್ ಎನ್ನಲಿಲ್ಲ. ಡಾಕ್ಟರಮ್ಮ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ಇನ್ನೊಂದು ಸಲ ಮಾಡು ಅನ್ನಬೇಡ ಎಂದರು. ಅನ್ನಲಿಲ್ಲ. ಆ ಒಂದೇ ಟೇಕನ್ನು ಬಳಸಿದೆವು.

ಅಮೆರಿಕದ ಕಂಪನಿಯವರ ಜೊತೆ ವಿಡಿಯೋ ಕಾಲ್ ಇತ್ತು. ಅದಕ್ಕೆ ಮುಂಚೆ ನಿರ್ದೇಶಕ ನನ್ನನ್ನು ಪಕ್ಕಕ್ಕೆ ಕರೆದು, ಕೇಳದೇ ಇದ್ದರೆ ಏನೂ ಹೇಳಬೇಡ ಎಂದ. ಕೇಳಿದರು. ಅಲ್ಲಿನ ಪ್ರತಿನಿಧಿ ಎರಡನೇ ಕಂತು ನೋಡಿ, ಆ ನೀರಿನ ಸದ್ದು ಯಾಕೆ ಎಂದ. ನಿರ್ಮಾಪಕಿ ನನ್ನ ಕಡೆ ನೋಡಿದಳು. ಊಟಕ್ಕೆ ಮುಂಚೆ ಆಕೆ ಸ್ನಾನ ಮಾಡುತ್ತಾಳೆ ಎಂದೆ. ಅವರ ಸಂಸ್ಕೃತಿಯೇ ಎಂದು ಕೇಳಿದ. ಹೌದು ಎಂದೆ. ಚೆನ್ನಾಗಿದೆ ಎಂದು ಮುಂದಿನ ವಿಷಯಕ್ಕೆ ಹೋದ. ಒಂದು ಸಾವಿನ ಸ್ನಾನವನ್ನು ಬರೀ ಸ್ನಾನವೆಂದು ಹೇಳಿ ಪಾಸು ಮಾಡಿಸಿಕೊಂಡಿದ್ದೆವು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಮನೆಗೆ ಬಂದ ಮೇಲೂ ನನಗೆ ನಾಚಿಕೆ ಇಳಿಯಲಿಲ್ಲ. ಹೇಳಬೇಡ ಎಂದವರು ಡಾಕ್ಟರಮ್ಮನೇ, ನಿಜ. ಆದರೆ ಅವರು ಹೇಳಬೇಡ ಎಂದದ್ದಕ್ಕೂ ನಾವು ಹೇಳದೇ ಉಳಿದದ್ದಕ್ಕೂ ಕಾರಣ ಒಂದೇ ಆಗಿರಲಿಲ್ಲ.

ಮೂರೂ ಕಂತುಗಳನ್ನು ಲಾಕ್ ಮಾಡಿದೆವು. ಎಂದರೆ ಅಲ್ಲಿಂದ ಮುಂದೆ ಒಂದು ಫ್ರೇಮನ್ನೂ ಯಾರೂ ಮುಟ್ಟುವಂತಿಲ್ಲ. ಮೆಟ್ಟಿಲ ದೃಶ್ಯ ಷರತ್ತಿನಂತೆ ಮೂಲದ ಪಡಿಯಚ್ಚಾಗಿತ್ತು. ಡಾಕ್ಟರಮ್ಮ ಹೇಳಿದ ಕಡೆ ನಿಂತು, ಹೇಳಿದ ಮಾತಾಡಿ, ಹೇಳಿದಂತೆ ನಕ್ಕಿದ್ದರು. ಪಿಟೀಲುಗಳೂ ಇದ್ದವು.

ಎರಡನೇ ಕಂತು ಪ್ರಸಾರವಾದ ಮಾರನೆಯ ಬೆಳಿಗ್ಗೆ ನನ್ನ ಫೋನಿನ ತುಂಬ ಮೆಸೇಜು. ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿರುವ, ಪರಿಚಯದ ಒಬ್ಬಳು ಕನ್ನಡದ ಹುಡುಗಿ, ಆ ಅಮ್ಮನಿಗೆ ಗೊತ್ತಲ್ವಾ ಅಕ್ಕ ಎಂದಷ್ಟೇ ಬರೆದಿದ್ದಳು. ಓದಿ ಖುಷಿಯಿಂದ ಕಣ್ಣು ತುಂಬಿತು. ಒಬ್ಬರು ನೋಡಿದರೆ ಸಾಕು ಎಂದಿದ್ದರಲ್ಲ, ಹೇಳೋಣವೆಂದು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ನಾನು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡರು. ಸಂತೋಷ ಎಂದರು. ದನಿಯಲ್ಲಿ ಸಂತೋಷವಿರಲಿಲ್ಲ.

ರಾತ್ರಿ ಗಂಡ ಹೆಂಡತಿ ಇಬ್ಬರೇ ಕೂತು ನೋಡಿದರಂತೆ. ಊಟದ ದೃಶ್ಯ ಬಂದಾಗ ಯಜಮಾನರು ಟೀವಿಯಿಂದ ಕಣ್ಣು ತೆಗೆಯದೆ, ಅವತ್ತು ಕಾರಿಡಾರಿನಲ್ಲೂ ನಿನ್ನ ಕತ್ತಿನ ಮೇಲೆ ಹೀಗೇ ನೀರು ಇಳಿಯುತ್ತಿತ್ತು ಎಂದರಂತೆ. ಇವರು ಟೀವಿ ಆರಿಸಿ, ಏನು ಹಾಗಂದರೆ ಎಂದು ಕೇಳಿದರಂತೆ. ನೋಡಿದ ತಕ್ಷಣ ತಿಳಿಯಿತು, ನಿಮ್ಮಮ್ಮನೇ ಇರಬೇಕೆಂದೂ ತಿಳಿಯಿತು, ಆದರೆ ಕೇಳಿದ್ದರೆ ನೀನು ಅಲ್ಲೇ ಕುಸಿಯುತ್ತಿದ್ದೆ, ಥಿಯೇಟರಿನಲ್ಲಿ ಕೇಸ್ ಕಾಯುತ್ತಿತ್ತು, ಅದಕ್ಕೇ ಬಿಸಿನೀರಿನ ಮಾತೆತ್ತಿದೆ ಎಂದರಂತೆ.

“ಇಷ್ಟು ವರ್ಷ, ಪಾಪ, ಗಂಡಸು, ನೋಡ್ಲಿಲ್ಲ ಅಂದ್ಕೊಂಡು ಬೈಕೊಂಡಿದ್ದೆ,” ಎಂದರು ಡಾಕ್ಟರಮ್ಮ. “ನೋಡಿದ್ರಂತೆ. ಎಲ್ಲಾ ತಿಳಿದಿತ್ತಂತೆ. ತಿಳ್ಕೊಂಡು, ರೂಮಿಗೆ ಹೋಗಿ ಮಲ್ಕೊಂಡ್ರಂತೆ.”

ನಿಮ್ಮ ಒಳ್ಳೆಯದಕ್ಕೇ ಸುಮ್ಮನಿದ್ದರೇನೋ ಆಂಟಿ ಎಂದೆ. ಅಂದ ಕೂಡಲೇ ಅದು ನಮ್ಮ ಸ್ಕ್ರಿಪ್ಟಿನಲ್ಲಿ ತಂದೆಯ ಪಾತ್ರ ಹೇಳುವ ಮಾತು ಎಂದು ಹೊಳೆದು ನಾಲಿಗೆ ಕಚ್ಚಿಕೊಂಡೆ.

“ಮುಂದಿನ ವಾರ ಆ ಮೆಟ್ಟಿಲ ಸೀನ್ ಬರುತ್ತಲ್ಲ,” ಎಂದರು ಅವರು. “ನಾನು ನಕ್ಕು ಎಲ್ಲರನ್ನೂ ಕ್ಷಮಿಸಿಬಿಡೋದು. ಅದನ್ನ ಏನಾದ್ರೂ ಬದಲಾಯಿಸೋಕೆ ಆಗುತ್ತಾ?”

ಆಗುವುದಿಲ್ಲ ಎಂದೆ.